ಹದ್ದು ಬಾರದ ಸಿನಿಮಾ

ಕನ್ನಡಕದ ಅಂಗಡಿಯ ಯಜಮಾನರ ಬಾಯಿಂದ ಆ ಸಾಹಸದ ಸಿನಿಮಾದ ಕಥೆ ಕೇಳದ ಗಿರಾಕಿ ಆ ಬೀದಿಯಲ್ಲೇ ಇರಲಿಲ್ಲ. ಕಣ್ಣು ಪರೀಕ್ಷೆಗೆ ಕೂತವರು ಮೂರನೆಯ ಸಾಲಿನ ಅಕ್ಷರಕ್ಕೆ ಬರುವಷ್ಟರಲ್ಲಿ ಸಿನಿಮಾದ ನಾವಿಕ ಹಡಗು ಹತ್ತಿರುತ್ತಿದ್ದ. ಕೊನೆಯ ಸಾಲಿಗೆ ಬರುವಾಗ ಗುಹೆಯೊಳಗೆ ಸಿಕ್ಕಿಬಿದ್ದಿರುತ್ತಿದ್ದ. (ಕಣ್ಣು ಚೆನ್ನಾಗಿದ್ದವರೂ ಕನ್ನಡಕ ಮಾಡಿಸಿಕೊಂಡು ಹೋದದ್ದು ಈ ಗಡಿಬಿಡಿಯಲ್ಲೇ ಎಂಬ ಮಾತಿದೆ.)

ಅದನ್ನು ನೋಡಿದಾಗ ಅವರಿಗೆ ಏಳು ವರ್ಷ, ಅಕ್ಕನಿಗೆ ಹನ್ನೊಂದು. ಒರಗಲು ಜಾಗವಿಲ್ಲದ ಮರದ ಬೆಂಚು, ನರಳುತ್ತ ತಿರುಗುವ ಫ್ಯಾನು, ಇಬ್ಬರಿಗೂ ಸೇರಿ ಒಂದೇ ಪೊಟ್ಟಣ ಕಡಲೆಕಾಯಿ. ಮೂರು ಭಾನುವಾರ, ಮೂರು ಸಲ. ಮನೆಗೆ ನಡೆದು ಬರುವಾಗ ಅಕ್ಕನ ಕೈ ಹಿಡಿದು ದಾರಿಯುದ್ದಕ್ಕೂ ಅದೇ ಮಾತು. ಕೊನೆಯ ದೃಶ್ಯವಂತೂ ಎದೆಯಲ್ಲಿ ಅಚ್ಚೊತ್ತಿತ್ತು: ಗುಹೆಯ ಕೊಳದಿಂದ ಮೊಸಳೆ ಬಾಯಿ ತೆರೆದು ಏಳುತ್ತದೆ. ಆಗ ಮೇಲಿನ ಬಿರುಕಿನಿಂದ ಹದ್ದೊಂದು ಇಳಿದು, ನಾವಿಕನ ಸೊಂಟದ ಪಟ್ಟಿ ಕಚ್ಚಿ ಎತ್ತಿ, ಏಳು ಸಮುದ್ರ ದಾಟಿಸಿ, ಅವನ ಅಕ್ಕನ ಮನೆಯ ಮಾಳಿಗೆಯ ಮೇಲೆ ಇಳಿಸುತ್ತದೆ. ಅಲ್ಲಿ ಬಿಸಿ ಊಟ ಕಾದಿರುತ್ತದೆ!

ನಲವತ್ತಾರು ವರ್ಷದ ಮೇಲೆ ಅದರ ಎರಡನೆಯ ಭಾಗ ಬಂತು. ನಾವಿಕನೂ ಅದೇ ನಟ. ಯಜಮಾನರು ಅಂಗಡಿಗೆ ಬೀಗ ಜಡಿದು, ಹೈಸ್ಕೂಲಿನಲ್ಲಿ ಗಣಿತ ಹೇಳುವ ಹೆಂಡತಿಯನ್ನೂ ಕಾಲೇಜಿನ ಮಗಳನ್ನೂ ಮಧ್ಯಾಹ್ನದ ಆಟಕ್ಕೆ ಹೊರಡಿಸಿಕೊಂಡು ಹೋದರು.

ಪರದೆಯ ಮೇಲೆ ನಾವಿಕ ಬಂದ. ಗಡ್ಡ ನೆರೆತಿತ್ತು. ಹಡಗಿನ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡ. ಯಜಮಾನರ ಕಣ್ಣು ತುಂಬಿಬಂತು.

"ಅಪ್ಪಾ, ಅಳ್ತಿದ್ದೀಯಾ?"

"ಏಸಿ ಗಾಳಿ ಕಣೇ" ಎಂದು ಅವರು ತಮ್ಮದೇ ಅಂಗಡಿಯ ಕನ್ನಡಕ ಒರೆಸಿಕೊಂಡರು.

ಅಷ್ಟರಲ್ಲಿ ಹಳೆಯ ಗುಹೆಯ ಮುಂದೆ ನಿಂತು ನಾವಿಕ ತನ್ನ ಮೊಮ್ಮಗಳಿಗೆ ಹೇಳಿದ: "ಅವತ್ತು ಇಲ್ಲಿಂದ ಈಜಿಕೊಂಡೇ ಪಾರಾದೆ."

"ಸುಳ್ಳು!" ಯಜಮಾನರು ಎದ್ದು ನಿಂತೇಬಿಟ್ಟರು. "ಈಜಲಿಲ್ಲ! ಹದ್ದು ಬಂತು!"

ಇಡೀ ಚಿತ್ರಮಂದಿರ ತಿರುಗಿ ನೋಡಿತು. ಟಾರ್ಚಿನವನು ಬಂದು ಬೆಳಕನ್ನು ನೇರ ಅವರ ಮುಖಕ್ಕೇ ಬಿಟ್ಟ. ಹೆಂಡತಿ ಅಂಗಿಯ ಚುಂಗು ಹಿಡಿದು ಎಳೆದು ಕೂರಿಸಿದಳು.

ಮನೆಗೆ ಬಂದರೂ ಗಲಾಟೆ ನಿಲ್ಲಲಿಲ್ಲ. "ಇದು ಚರಿತ್ರೆಗೆ ಬಗೆದ ದ್ರೋಹ! ಕಥೆ ಬರೆದವನು ಮೊದಲನೇದನ್ನ ನೋಡೇ ಇಲ್ಲ!"

"ರೀ, ನಾವಿಕ ಅಂದ್ಮೇಲೆ ಈಜಲ್ವೇನ್ರೀ? ಎಂಬತ್ತು ಕೆಜಿ ಮನುಷ್ಯನ್ನ ಯಾವ ಹದ್ದು ಎತ್ತತ್ತೆ? ಲೆಕ್ಕ ಬೇಡ್ವಾ?"

"ನಿನ್ ಲೆಕ್ಕ ನಿನ್ ಸ್ಕೂಲಲ್ಲಿ ಇಟ್ಕೋ. ಸಾಕ್ಷಿ ಇದೆ ನಂಗೆ. ಅಕ್ಕನ್ನ ಕರೆಸ್ತೀನಿ!"

ಅಕ್ಕ ಇರುವುದು ಎರಡು ಬೀದಿ ಆಚೆ. ಫೋನಿನಲ್ಲಿ ತಮ್ಮನ ದನಿ ಕೇಳಿ, ಯಾರಿಗೋ ಏನೋ ಆಯಿತೆಂದು ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಓಡಿಬಂದಳು. ವಿಷಯ ತಿಳಿದಾಗ ಮಾತ್ರ ಆಕೆಯ ಮುಖ ಒಂಥರಾ ಆಯಿತು.

"ಜಗಳ ಯಾಕೆ? ಹಳೇದನ್ನೇ ಹಾಕಿ ನೋಡೋಣ" ಎಂದು ಮಗಳು ಅದನ್ನು ಟೀವಿಯಲ್ಲಿ ಹುಡುಕಿ ಹಾಕಿದಳು.

ನಾಲ್ವರೂ ಕೂತು ನೋಡಿದರು. ಕೊಳದಿಂದ ಮೊಸಳೆ ಎದ್ದಿತು. ರಬ್ಬರಿನ ಮೊಸಳೆ, ಬಾಲದ ಹೊಲಿಗೆ ಕೂಡ ಕಾಣುತ್ತಿತ್ತು. ನಾವಿಕ ನೀರಿಗೆ ಹಾರಿದ, ಈಜಿದ, ದಡ ಸೇರಿದ. ಮುಗಿಯಿತು.

ಯಜಮಾನರು ಕ್ಷೀಣ ದನಿಯಲ್ಲಿ "ಟೀವಿಯವರು ಹದ್ದನ್ನ ಕತ್ತರಿಸಿಬಿಟ್ಟಿದ್ದಾರೆ" ಎಂದರು.

ಅಕ್ಕನಿಗೆ ತಡೆಯಲಾಗಲಿಲ್ಲ. "ಲೋ ಪುಟ್ಟ, ಹದ್ದು ಇರ್ಲೇ ಇಲ್ಲ ಕಣೋ. ಮೊಸಳೆ ಬಂದ ತಕ್ಷಣ ನೀನು ನನ್ನ ಮಡಿಲಲ್ಲಿ ಮುಖ ಹುದುಗಿಸ್ತಿದ್ದೆ. ಮೂರು ಸಲಾನೂ! ದಾರೀಲಿ ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಪ್ರಾಣ ತಿಂತಿದ್ದೆ. ಅದಕ್ಕೆ ಹದ್ದನ್ನ ಕರೆಸಿದೆ."

"ಇದ್ದದ್ದನ್ನೇ ಹೇಳಬಾರದಿತ್ತಾ ಅಕ್ಕಾ?"

"ಹೆಂಗೋ ಹೇಳ್ಲಿ? ನಾನೂ ಕಣ್ಣು ಮುಚ್ಕೊಂಡಿದ್ದೆ! ಅವನು ಈಜಿದ ಅಂತ ನಂಗೂ ಗೊತ್ತಾಗಿದ್ದು ಈಗಲೇ."

ಗಣಿತದ ಮೇಡಂ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳಿದರು. ಯಜಮಾನರು ಮಾತ್ರ ಅಕ್ಕನನ್ನೇ ನೋಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ಇಷ್ಟು ದಿನ ಗಮನಿಸಿರಲೇ ಇಲ್ಲ. ಹನ್ನೊಂದು ವರ್ಷದ ಹುಡುಗಿ, ತನಗೇ ಎದೆ ಢವಢವ ಅನ್ನುತ್ತಿದ್ದಾಗ, ತಮ್ಮನಿಗೋಸ್ಕರ ಆಕಾಶದಿಂದ ಹದ್ದು ಇಳಿಸಿದ್ದಳು.

"ನಿಂದೇ ಚೆನ್ನಾಗಿತ್ತು ಕಣಕ್ಕಾ" ಎಂದರು. "ಇನ್ನೊಂದ್ಸಲ ಹೇಳು."

"ಹೌದು ಅತ್ತೆ, ಹೇಳಿ!" ಮಗಳೂ ನೆಲದ ಮೇಲೆ ಕೂತಳು. ಅವಳಿಗಿಂತ ಮುಂದೆ ಯಜಮಾನರು ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು.

ಅಕ್ಕ ಗಂಟಲು ಸರಿಮಾಡಿಕೊಂಡಳು. "ಮೊಸಳೆ ಆ ಅಂತ ಬಾಯಿ ತೆಗೀತು. ಹದ್ದು ಸೊಂಯ್ಯಂತ ಇಳೀತು. ನಾವಿಕನ ಸೊಂಟದ ಪಟ್ಟಿ ಕಚ್ಚಿ ಎಳೀತು. ಒಂದ್ಸಲ ಎಳೀತು, ಎರಡ್ಸಲ ಎಳೀತು..." ತಮ್ಮನ ಹೊಟ್ಟೆಯನ್ನು ಕಣ್ಣಲ್ಲೇ ಅಳೆದು ಮುಂದುವರಿಸಿದಳು: "ಆಮೇಲೆ ಸುಸ್ತಾಗಿ, ಪುಟ್ಟಾ, ಇದು ನನ್ ಕೈಲಿ ಆಗೋ ಕೆಲಸ ಅಲ್ಲಪ್ಪ, ಈಜು ಅಂದುಬಿಡ್ತು."