ಹತ್ತನೆಯ ರುಜು

ಅಂಚೆಡಬ್ಬಿ ಕೂದಲೆಳೆಯಷ್ಟು ಎಡಕ್ಕೆ ವಾಲಿದೆ ಎಂದು ಆರ್ಡಿಸ್ ಅಜ್ಜಿ ಹೇಳಿದ್ದೇ ವೆಂಡೆಲ್ ಹ್ರುಸ್ಕನ ಶುಕ್ರವಾರ ಕೆಡಲು ಸಾಕಾಯಿತು.

ಅಮೆರಿಕದ ನೆಬ್ರಾಸ್ಕ ರಾಜ್ಯದ ಆ ಪುಟ್ಟ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ತಪ್ಪು ಮಾಡಿದ ಮಕ್ಕಳನ್ನು ಜೈಲಿಗೆ ನೂಕದೆ, ಕೆಡಿಸಿದ್ದನ್ನು ಅವರ ಕೈಯಲ್ಲೇ ಸರಿಮಾಡಿಸಿ ಶಾಲೆಗೆ ಮರಳಿಸುವುದು ವೆಂಡೆಲ್‌ನ ಕೆಲಸ. ಹಣ ರಾಜ್ಯ ಸರ್ಕಾರದ್ದು. ಈ ವರ್ಷ ಹತ್ತು ಮಕ್ಕಳು. ಒಂಬತ್ತು ಮಂದಿಯದು ಮುಗಿದಿತ್ತು. ಹತ್ತನೆಯವಳು ಟೀಗನ್, ಹದಿನೇಳರ ಹುಡುಗಿ. ಓಡುವ ಕಾರಿನ ಕಿಟಕಿಯಿಂದ ಬೇಸ್‌ಬಾಲ್ ಬ್ಯಾಟು ಬೀಸಿ ಅಜ್ಜಿಯ ಮನೆಯೆದುರು ರಸ್ತೆಬದಿಯ ಕಂಬದ ಮೇಲಿದ್ದ ಡಬ್ಬಿಯನ್ನು ಚಪಾತಿ ಮಾಡಿದ್ದಳು. ಈಗ ಹೊಸದನ್ನು ತಾನೇ ನೆಟ್ಟಿದ್ದಳು. ‘ನನಗೆ ಸಮಾಧಾನವಾಗಿದೆ’ ಎಂದು ಅಜ್ಜಿ ರುಜು ಹಾಕಿದರೆ ಆಯಿತು. ಸಂಜೆ ಐದರೊಳಗೆ ವರದಿ ರಾಜಧಾನಿ ಸೇರಬೇಕು. ಹತ್ತರಲ್ಲಿ ಒಂದು ಕಡಿಮೆಯಾದರೂ ಮುಂದಿನ ವರ್ಷ ಹಣವೂ ಇಲ್ಲ, ತನಗೆ ಕೆಲಸವೂ ಇಲ್ಲ ಎಂಬ ಹೆದರಿಕೆ ವೆಂಡೆಲ್‌ಗೆ.

"ವಾಲಿಲ್ಲ ಅಜ್ಜಿ."

"ನನ್ನ ಕಣ್ಣಿಗೆ ವಾಲಿದೆಯಪ್ಪ. ಕಣ್ಣು ನಂದಲ್ವ?"

ಟೀಗನ್ ಮತ್ತೆ ಅಗೆದಳು. ವೆಂಡೆಲ್ ಬಿರುಗಾಳಿಗೆ ಸಿಕ್ಕವನ ಹಾಗೆ ಕಂಬವನ್ನು ತಬ್ಬಿ ನಿಂತ.

ಹನ್ನೊಂದಕ್ಕೆ ಅಂಚೆಯ ಡೆಲ್ಬರ್ಟ್ ಬಂದ. ವ್ಯಾನಿನಿಂದಲೇ ಕೈ ಚಾಚಿ ನೋಡಿ, "ಎರಡು ಇಂಚು ಎತ್ತರ ಆಯ್ತಲ್ಲೋ ಮಾರಾಯ. ನಾನೇನು ಜಿರಾಫೆನಾ?" ಅಂದ.

"ನಿನ್ನ ಯಾರು ಕೇಳಿದ್ರು?"

"ಕೇಳಿದ್ಮೇಲೆ ಹೇಳೋಕೆ ನಾನು ವಕೀಲ ಅಲ್ಲ."

"ನೋಡು, ಅಂಚೆಯವನೇ ಹೇಳ್ತಿದಾನೆ," ಅಂದಳು ಅಜ್ಜಿ, ಹಬ್ಬ ಬಂದ ಹಾಗೆ.

ಮತ್ತೆ ಅಗೆತ. ಊಟದ ಹೊತ್ತಿಗೆ ಡಬ್ಬಿಯ ಬಾಗಿಲು ಕಿರುಗುಟ್ಟಿತು; ಎಣ್ಣೆ ಬಿಟ್ಟರು. ಎರಡು ಗಂಟೆಗೆ ಡಬ್ಬಿಯ ಹಸಿರು ಬಣ್ಣ ಅಜ್ಜಿಯ ಕಣ್ಣಿಗೆ ತೀರಾ ಹಸಿರಾಯಿತು. ವೆಂಡೆಲ್ ಒಂಬತ್ತು ಮೈಲಿ ಹೋಗಿ ಬೇರೆ ಹಸಿರು ತಂದ. ಟೀಗನ್ ಅದನ್ನು ಬೆಕ್ಕಿನ ಮರಿಗೆ ಮೀಸೆ ಬರೆಯುವಷ್ಟು ನಿಧಾನವಾಗಿ ಬಳಿಯತೊಡಗಿದಳು. ತಡೆಯಲಾರದೆ ಕುಂಚ ಕಸಿದುಕೊಂಡ.

"ಶಿಕ್ಷೆ ನಂದು ಸಾರ್. ನೀವ್ಯಾಕೆ ಅನುಭವಿಸ್ತೀರಿ?"

ನಾಲ್ಕೂವರೆಗೆ, ಮೊಣಕೈವರೆಗೂ ಹಸಿರಾಗಿ, ಅವನು ಮೆಟ್ಟಿಲ ಮೇಲೆ ಕುಸಿದ.

"ಅಜ್ಜಿ, ಇವತ್ತು ರುಜು ಬೀಳದಿದ್ರೆ ಮುಂದಿನ ವರ್ಷ ನಾನು ಮನೇಲಿ. ಇನ್ನು ಬರೋ ಮಕ್ಕಳು ಸೀದಾ ಜೈಲಿಗೆ."

ಅಜ್ಜಿ ಟೀಗನ್‌ಳನ್ನು ನೋಡಿದಳು. ಟೀಗನ್ ನೆಲ ನೋಡಿದಳು.

"ನಿನ್ನಿಷ್ಟಪ್ಪ," ಎಂದು ನಿಟ್ಟುಸಿರು ಬಿಟ್ಟು ಅಜ್ಜಿ ರುಜು ಹಾಕಿದಳು.

ವೆಂಡೆಲ್ ಅಲ್ಲಿಂದಲೇ ಕಾಗದದ ಫೋಟೋ ತೆಗೆದು ಕಳಿಸಿದ. ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ರಾಜಧಾನಿಯಿಂದ ಫೋನು. ಅಧಿಕಾರಿಣಿಯ ದನಿ ಜೇನಿನಂತಿತ್ತು.

"ಅಭಿನಂದನೆ, ಹ್ರುಸ್ಕ ಅವರೇ. ಹತ್ತಕ್ಕೆ ಹತ್ತು. ಒಬ್ಬರೂ ಮತ್ತೆ ತಪ್ಪು ಮಾಡಿಲ್ಲ. ರಾಜ್ಯಕ್ಕೆಲ್ಲ ನೀವೊಬ್ಬರೇ. ಪ್ರಶಸ್ತಿಪತ್ರ ಕಳಿಸ್ತೀವಿ."

"ಹಣ?"

"ನಿಮ್ಮಲ್ಲಿ ಸಮಸ್ಯೆನೇ ಮುಗೀತಲ್ಲ. ಪಕ್ಕದ ಕೌಂಟೀಲಿ ಹತ್ತರಲ್ಲಿ ಆರು ಬಾಕಿ. ಪಾಪ, ಅವರಿಗೆ ಕೊಡ್ತಿದ್ದೀವಿ. ಒಂದೇ ಒಂದು ಬಾಕಿ ಉಳಿದಿದ್ರೂ ನಿಮ್ಮದನ್ನ ಮುಂದುವರಿಸಬಹುದಿತ್ತು."

ವೆಂಡೆಲ್ ಫೋನು ಇಳಿಸಿದ. ಕೇಳಿದ್ದನ್ನು ಹಾಗೆಯೇ ಇಬ್ಬರಿಗೂ ಹೇಳಿದ.

"ಮೂವತ್ತೆರಡು ವರ್ಷ ಕೌಂಟಿ ಕಚೇರೀಲಿ ಟೈಪ್ ಹೊಡೆದೋಳು ನಾನು," ಅಂದಳು ಅಜ್ಜಿ. "ಮುಗಿಸಿದೋರಿಗೆ ಸರ್ಕಾರ ಪ್ರಶಸ್ತಿ ಕೊಡತ್ತೆ, ಮುಗಿಸದೋರಿಗೆ ಹಣ ಕೊಡತ್ತೆ. ಬೆಳಗ್ಗೆಯಿಂದ ಆ ಡಬ್ಬೀಲಿ ತಪ್ಪು ಹುಡುಕಿ ಹುಡುಕಿ ನನಗೇ ಸಾಕಾಗಿತ್ತು. ನೀನು ಬಿಡಲೇ ಇಲ್ಲ."

"ನಾನೂ ಎಷ್ಟು ನಿಧಾನ ಮಾಡ್ದೆ ಸಾರ್," ಅಂದಳು ಟೀಗನ್. "ಇನ್ನೊಂದು ತಿಂಗಳು ಬಂದು ಅಗೆಯೋಕೂ ಒಪ್ಪಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಒಪ್ತಿದ್ರಾ? ಮಾಡಿದ್ದನ್ನ ಮಾಡಿಲ್ಲ ಅನ್ನಬಾರದು ಅಂತ ವರ್ಷವೆಲ್ಲ ಕಲಿಸಿದೋರು ನೀವೇ ತಾನೆ."