ಟೋಪಿ ಹಾಕಿದ ಅಕ್ಷರಗಳು

ಇಪ್ಪತ್ತಾರು ವರ್ಷಗಳಿಂದ ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ನಾನು ಎಂಥೆಂಥ ಬೀಗ ನೋಡಿಲ್ಲ! ತುಕ್ಕು ಹಿಡಿದದ್ದು, ಲಿವರ್ ಮುರಿದದ್ದು, ಅಣ್ಣ ತಮ್ಮಂದಿರ ಜಗಳದಲ್ಲಿ ಯಾರೋ ಅಂಟು ಸುರಿದದ್ದು, ಎಲ್ಲವೂ ನನ್ನ ಕೈಗೆ ಬಂದು ಬಾಯಿ ಬಿಟ್ಟಿವೆ. ಇಂಥ ಮಹಾಪುರುಷ ತನ್ನ ಮನೆಯಲ್ಲಿ ಹಾಕಿದ ಬೀಗವನ್ನು ಒಬ್ಬರು ದಿನಾ ಸಲೀಸಾಗಿ ತೆಗೆಯುತ್ತಿದ್ದರೆ ಹೊಟ್ಟೆ ಉರಿಯದೆ ಇದ್ದೀತೇ? ಬೀಗ, ಮನೆಯ ಕಂಪ್ಯೂಟರಿನದು. ತೆಗೆಯುತ್ತಿದ್ದವರು, ನನ್ನ ಅತ್ತೆ.

ಅತ್ತೆಯವರಿಗೆ ಕಂಪ್ಯೂಟರಿನಲ್ಲಿ ಒಬ್ಬರೇ ಇಸ್ಪೀಟಾಡುವ ಚಟ. ಆಡಲಿ, ಬೇಡ ಅಂದವರಾರು? ಆದರೆ ನಾನು ತಿಂಗಳುಗಟ್ಟಲೆ ಬೆವರು ಸುರಿಸಿ ಮಾಡಿಟ್ಟ ದಾಖಲೆಯನ್ನು ಅವರು ಕಾಫಿ ಕುಡಿಯುತ್ತ ಮುರಿಯುವುದೇ! ಪಾಸ್‌ವರ್ಡ್ ಹಾಕಿದೆ. ಮದುವೆಯ ತಾರೀಖು ಹಾಕಿದರೆ ಮಧ್ಯಾಹ್ನದೊಳಗೆ ತೆಗೆದರು. ಅಂಗಡಿಯ ಫೋನ್ ನಂಬರು ಹಾಕಿದರೆ ಕೂತ ಕೂತಲ್ಲೇ ತೆಗೆದರು. ನನ್ನ ಹೆಸರನ್ನು ಹಿಂದುಮುಂದಾಗಿ ಬರೆದೆ.

"ಇಷ್ಟು ಸುಲಭದ್ದು ಹಾಕ್ಬೇಡಿ ಅಳಿಯಂದಿರೇ, ತೆಗೆಯೋಕೆ ನನಗೇ ನಾಚಿಕೆ ಆಗತ್ತೆ" ಎಂದರು.

ನನ್ನ ಮರ್ಮಕ್ಕೇ ತಾಗಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಮುಂದೆ ಶಪಥ ಮಾಡಿದೆ. "ನೋಡ್ತಿರು! ಇವತ್ತು ನಾನು ಹಾಕೋ ಬೀಗ ಬ್ರಹ್ಮ ಬಂದ್ರೂ ತೆಗೆಯೋಕಾಗಲ್ಲ!"

"ಬ್ರಹ್ಮ ಬರೋದು ಬೇಡ. ನಾಳೆ ಹನ್ನೊಂದು ಗಂಟೆಗೆ ನನಗೆ ತೆಗೆದ್ರೆ ಸಾಕು" ಎಂದಳು ಅವಳು, ಪಾತ್ರೆಯಿಂದ ತಲೆ ಎತ್ತದೆ.

ಹನ್ನೊಂದಕ್ಕೆ ಅವಳ ಸಂದರ್ಶನ. ಹನ್ನೆರಡು ವರ್ಷದಿಂದ ಗ್ರಂಥಾಲಯದಲ್ಲಿ ಸಹಾಯಕಿ. ಮುಖ್ಯಸ್ಥೆಯ ಕುರ್ಚಿ ಈಗಾಗಲೇ ಎರಡು ಸಲ ಕೈತಪ್ಪಿತ್ತು. ಮೂರನೆಯ ಸಲ ತಪ್ಪಿದರೆ ವಯಸ್ಸಿನ ಮಿತಿ ದಾಟಿ, ಕಥೆ ಮುಗಿದಂತೆ. ಸಂದರ್ಶನವೂ ಕಂಪ್ಯೂಟರಿನಲ್ಲೇ, ಅವಳು ತಿಂಗಳಿಡೀ ಕೂತು ಮಾಡಿದ ಯೋಜನೆಯ ಚಿತ್ರಗಳೂ ಅದರೊಳಗೇ. ಫೋನಿನಲ್ಲಿ ಬಂದವರನ್ನು ಸೇರಿಸುವುದಿಲ್ಲ ಎಂದು ಆಯ್ಕೆ ಸಮಿತಿ ಖಡಾಖಂಡಿತವಾಗಿ ಬರೆದಿತ್ತು.

"ಅದಕ್ಕೇನಂತೆ, ಬೀಗ ಹಾಕೋನಿಗೆ ತೆಗೆಯೋಕೆ ಬರಲ್ವಾ?" ಎಂದು ನಕ್ಕು, ಕೂತೆ.

ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಒಂದು ಪುಟ ಸಿಕ್ಕಿತು. ದೂರದೇಶಗಳ ಅಕ್ಷರಗಳು! ಒಂದರ ತಲೆಯ ಮೇಲೆ ಟೋಪಿ, ಇನ್ನೊಂದಕ್ಕೆ ಎರಡು ಚುಕ್ಕೆ, ಮತ್ತೊಂದಕ್ಕೆ ಕೆಳಗೆ ಬಾಲ, ಮಗದೊಂದಕ್ಕೆ ಓರೆಯಾಗಿ ಒಂದು ಗೆರೆ. ನಮ್ಮ ಕೀಬೋರ್ಡಿನಲ್ಲಿ ಎಲ್ಲಿ ಹುಡುಕಿದರೂ ಇವು ಇಲ್ಲ. ಇನ್ನೇನು ಬೇಕು? ಅಂದವಾಗಿ ಕಂಡ ಆರನ್ನು ಆರಿಸಿ, ಕಾಪಿ ಮಾಡಿ, ಪಾಸ್‌ವರ್ಡಿನ ಜಾಗದಲ್ಲಿ ಪೇಸ್ಟ್ ಮಾಡಿದೆ. ಖಾತ್ರಿಗೆ ಇನ್ನೊಮ್ಮೆ ಕೇಳಿತು, ಇನ್ನೊಮ್ಮೆ ಪೇಸ್ಟ್. ಮರೆತರೆ ನೆನಪಿಸಲು ಒಂದು ಸುಳಿವು ಬರೆಯಿರಿ ಎಂದಿತು. ಮರೆಯುವವನು ನಾನಲ್ಲವಲ್ಲ! ಅತ್ತೆಗೆಂದೇ ಒಂದು ಸಾಲು ಬರೆದು, ಬೀಗ ಹಾಕಿ, ಬೀಗುತ್ತ ಎದ್ದೆ.

ಬೆಳಿಗ್ಗೆ ಹತ್ತೂಕಾಲಿಗೆ ಹೆಂಡತಿ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ಕೂತಳು. "ತೆಗೀರಿ."

ನಾನು ಗತ್ತಿನಿಂದ ಬೆರಳು ಚಾಚಿದೆ. ಬೆರಳು ಗಾಳಿಯಲ್ಲೇ ನಿಂತಿತು. ಯಾವ ಗುಂಡಿ ಒತ್ತಲಿ? ಆ ಅಕ್ಷರಗಳನ್ನು ನಾನು ಟೈಪ್ ಮಾಡಿಯೇ ಇರಲಿಲ್ಲ, ಕಾಪಿ ಮಾಡಿದ್ದೆ. ಕಾಪಿ ಮಾಡಬೇಕಾದರೆ ಆ ಪುಟ ಬೇಕು. ಆ ಪುಟ ಕಂಪ್ಯೂಟರಿನ ಒಳಗಿದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದು ನನ್ನ ಅಂಗಡಿಗೆ ಓಡಿ ಬರುವವರನ್ನು ನಾನು ಎಷ್ಟು ಆಡಿಕೊಂಡು ನಕ್ಕಿಲ್ಲ!

"ಏನಾಯ್ತು?"

"ಏನಿಲ್ಲ, ಬೆರಳು ಬೆಚ್ಚಗೆ ಮಾಡ್ಕೋತಿದ್ದೀನಿ."

"ಅಳಿಯಂದಿರೇ, ಒಂದು ಮಾತು..." ಮೂಲೆಯ ಕುರ್ಚಿಯಿಂದ ಅತ್ತೆ.

"ಈಗ ಬೇಡ ಅತ್ತೆ!"

ಫೋನಿನಲ್ಲಿ ಅದೇ ಪುಟ ತೆಗೆದೆ. ಅಕ್ಷರಗಳು ಮುದ್ದಾಗಿ ಕೂತಿದ್ದವು, ಆದರೆ ಫೋನಿನಿಂದ ಕಂಪ್ಯೂಟರಿಗೆ ಹಾರುವುದು ಹೇಗೆ? ಪುಟದ ಕೆಳಗೆ ಉಪಾಯವೂ ಇತ್ತು: ಆಲ್ಟ್ ಗುಂಡಿ ಒತ್ತಿ ಹಿಡಿದು, ಬಲಗಡೆಯ ಅಂಕಿಗಳಲ್ಲಿ ಇಂತಿಂಥ ಸಂಖ್ಯೆ ಒತ್ತಬೇಕಂತೆ. ಹೆಂಡತಿ ಸಂಖ್ಯೆ ಓದಿದಳು, ನಾನು ಒತ್ತಿದೆ. ಟೋಪಿಯ ಅಕ್ಷರವಾಗಲಿ ಬಾಲದ ಅಕ್ಷರವಾಗಲಿ, ಪರದೆಯ ಮೇಲೆ ಮೂಡಿದ್ದು ಬರೀ ಕರೀ ಚುಕ್ಕೆ! ಸರಿಯೋ ತಪ್ಪೋ ಆ ದೇವರಿಗೇ ಗೊತ್ತು.

"ಗೆರೆ ಎಡಕ್ಕೆ ವಾಲಿತ್ತಾ, ಬಲಕ್ಕಾ?" ಹೆಂಡತಿ ಕೇಳಿದಳು.

"ಬಲಕ್ಕೆ... ಇರು, ನಾನು ಯಾವ ಕಡೆಯಿಂದ ನೋಡಿದ್ದೆ?"

"ಅಯ್ಯೋ, ನಿಮ್ಮ ತಲೆ! ಟೋಪಿ ಯಾವುದರ ಮೇಲಿತ್ತು?"

"ಎಲ್ಲದರ ಮೇಲೂ ಇತ್ತೇನೋ."

"ಟೋಪಿ ಬಿದ್ದಿದ್ದು ನನಗೆ" ಎಂದಳು.

ಎಂಟರ್ ಒತ್ತಿದೆ. ತಪ್ಪು. ತಪ್ಪಾದ ಕೂಡಲೇ ಕಂಪ್ಯೂಟರು ಕರುಣೆಯಿಂದ ನಾನು ಬರೆದಿಟ್ಟ ಸುಳಿವು ತೋರಿಸಿತು. ಹೆಂಡತಿ ಗಟ್ಟಿಯಾಗಿ ಓದಿದಳು: "ಸುಮ್ಮನೆ ಒದ್ದಾಡಬೇಡಿ. ಇದು ನಿಮ್ಮ ಕೈಲಾಗದ ಕೆಲಸ."

ಅತ್ತೆ ಕೆಮ್ಮಿದರು. ಅದು ಕೆಮ್ಮಲ್ಲವೆಂದು ನನಗೂ ಗೊತ್ತಿತ್ತು.

ಎರಡನೆಯ ಸಲ ಬಾಲ ಬದಲಾಯಿಸಿದೆ. ಕೈಲಾಗದ ಕೆಲಸ. ಮೂರನೆಯ ಸಲ ಚುಕ್ಕೆ ಜರುಗಿಸಿದೆ. ಕೈಲಾಗದ ಕೆಲಸ. ಆಮೇಲೆ ನೋಡಿದರೆ ಅಂಕಿಗಳ ಪಕ್ಕದ ನಮ್ ಲಾಕ್ ದೀಪವೇ ಉರಿಯುತ್ತಿರಲಿಲ್ಲ. ಅಂದರೆ ಅಷ್ಟು ಹೊತ್ತು ನಾನು ಒತ್ತಿದ ಅಂಕಿಗಳು ಅಂಕಿಗಳೇ ಆಗಿರಲಿಲ್ಲ! ಮತ್ತೆ ಮೊದಲಿಂದ. ತಪ್ಪು, ತಪ್ಪು, ಇನ್ನೊಂದು ತಪ್ಪು. ಕೊನೆಗೆ ಕಂಪ್ಯೂಟರಿಗೂ ಸಾಕಾಗಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದಿತು.

"ಅಳಿಯಂದಿರೇ, ನಾನು ಹೇಳೋದು..."

"ಅತ್ತೆ, ಕೈ ಮುಗೀತೀನಿ, ಇದು ಟೆಕ್ನಿಕಲ್ಲು!"

ಗಡಿಯಾರ ಹತ್ತೂ ಐವತ್ತೈದು ತೋರಿಸಿತು. ಹೆಂಡತಿ ಬೈಯುವುದನ್ನು ನಿಲ್ಲಿಸಿದ್ದಳು. ಯೋಜನೆಯ ಟಿಪ್ಪಣಿಗಳನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ಸುಮ್ಮನೆ ಮಡಚುತ್ತಿದ್ದಳು. ಅವಳು ಬೈದಾಗ ನನಗೆ ಏನೂ ಅನ್ನಿಸುವುದಿಲ್ಲ, ಅಭ್ಯಾಸವಾಗಿದೆ. ಆ ಅಂಚು ಮಡಚುವುದನ್ನು ಮಾತ್ರ ನೋಡಲಾಗಲಿಲ್ಲ. ಹನ್ನೆರಡು ವರ್ಷದ ದುಡಿಮೆಯನ್ನು ಒಂದು ಇಸ್ಪೀಟಾಟಕ್ಕೆ ಹಾಳು ಮಾಡಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

"ಅಮ್ಮಾ, ನೀನೇನೋ ಹೇಳ್ತಿದ್ದೆ" ಎಂದಳು ಅವಳು, ಸಣ್ಣ ದನಿಯಲ್ಲಿ.

ಅತ್ತೆ ಕನ್ನಡಕ ಏರಿಸಿಕೊಂಡು ಬಂದರು. "ಸ್ವಲ್ಪ ಸರಿತೀರಾ?" ಪಾಸ್‌ವರ್ಡಿನ ಪೆಟ್ಟಿಗೆಯ ಕೆಳಗಿದ್ದ ಒಂದು ಪುಟ್ಟ ಚಿತ್ರ ಒತ್ತಿದರು. ನಾಲ್ಕಂಕಿ ಕೇಳಿತು. ಟಕ ಟಕ ಟಕ ಟಕ. ಬಾಗಿಲು ತೆರೆದುಕೊಂಡಿತು!

"ಇದು... ಇದು ಹೇಗೆ?"

"ನಿಮ್ಮ ಹೆಸರು ಹಿಂದುಮುಂದು ಹಾಕಿದ್ರಲ್ಲ, ಆವತ್ತು ಒಳಗೆ ಹೋದವಳು ನನಗೇ ಅಂತ ಒಂದು ನಾಲ್ಕಂಕಿ ನಂಬರ್ ಇಟ್ಕೊಂಡೆ. ನೀವು ಪಾಸ್‌ವರ್ಡ್ ಎಷ್ಟು ಬದಲಾಯಿಸಿದ್ರೂ ಅದು ಹಾಗೇ ಇರತ್ತೆ. ದಿನಾ ನಿಮ್ಮ ತಲೇಲಿ ಏನಿದೆ ಅಂತ ಯೋಚಿಸೋದು ಬೇಜಾರಾಗಿತ್ತು, ಅಳಿಯಂದಿರೇ. ಬೇಗ ಮುಗಿದುಹೋಗ್ತಿತ್ತು."

ಹನ್ನೊಂದಕ್ಕೆ ಸರಿಯಾಗಿ ಸಂದರ್ಶನ ಶುರುವಾಯಿತು. ನನ್ನನ್ನು ಕೋಣೆಯಿಂದ ಹೊರಗಟ್ಟಿ ಬಾಗಿಲು ಹಾಕಿದರು. ಹದಿನೈದು ದಿನಕ್ಕೆ ನೇಮಕದ ಪತ್ರವೂ ಬಂತು, ಅವಳೀಗ ಮುಖ್ಯಸ್ಥೆ. ಯೋಜನೆ ಚೆನ್ನಾಗಿದ್ದದ್ದರಿಂದ ಸಿಕ್ಕಿತು ಎಂದು ಬಂಧುಗಳು ಹೇಳುತ್ತಾರೆ. ಇರಬಹುದು. ಆದರೆ ಆ ದಿನ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದವನು ನಾನು.

ಸಮಿತಿಯ ಅಧ್ಯಕ್ಷರು ಕೊನೆಯ ಪ್ರಶ್ನೆ ಕೇಳಿದ್ದರು. "ಅಪರೂಪದ ಪುಸ್ತಕಗಳ ಕಪಾಟಿಗೆ ಬೀಗ ಬಿದ್ದಿದೆ. ಬೀಗದ ಕೈ ಸಿಕ್ತಿಲ್ಲ. ಓದುಗರು ಸಾಲಾಗಿ ಕಾಯ್ತಿದ್ದಾರೆ. ಏನು ಮಾಡ್ತೀರಿ?"

ಬಾಗಿಲಾಚೆ ನಾನು ಕಾಲರ್ ಸರಿಪಡಿಸಿಕೊಂಡೆ. ಬೀಗದವನ ಹೆಂಡತಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಉಂಟೇ?

"ಬೀಗದವರನ್ನ ಮಾತ್ರ ಕರೆಸಲ್ಲ, ಸಾರ್" ಎಂದಳು. "ಅಲ್ಲೇ ಮೂಲೇಲಿ ಸುಮ್ಮನೆ ಕೂತಿರೋರು ಯಾರಾದ್ರೂ ಇದ್ರೆ, ಮೊದಲು ಅವರನ್ನ ಕೇಳ್ತೀನಿ."

ಅಧ್ಯಕ್ಷರು ಜೋರಾಗಿ ನಕ್ಕರು. "ಅನುಭವದ ಮಾತು ಅನ್ಸತ್ತೆ. ಎಷ್ಟು ವರ್ಷದ ಅನುಭವ?"

"ಮುಕ್ಕಾಲು ಗಂಟೇದು, ಸಾರ್."