ಅರ್ಧದ ಅಚ್ಚಿನ ಬೆಲ್ಲ

ಬೆಲ್ಲದ ಅಂಗಡಿಯಲ್ಲಿ ಕೂತವನಿಗೆ ಗಾಬರಿಗೇನೂ ಬರವಿಲ್ಲ. ಒಂದು, ಎರಡು, ಮೂರು ಎಂದು ಕೇಳುವವರಿಂದ ತಂಟೆಯಿಲ್ಲ. ಅರ್ಧ, ಕಾಲು, ಮುಕ್ಕಾಲು ಎಂದು ಬಾಯಿಬಿಟ್ಟರೋ, ಆವತ್ತು ಏನಾದರೊಂದು ಆಗಿಯೇ ಆಗುತ್ತದೆ.

೧. ಮುಗಿಯದ ಪಾಕ

ಅರಕಲಗೂಡು ಕಡೆಯ ಯಜಮಾನರೊಬ್ಬರು ಚನ್ನರಾಯಪಟ್ಟಣದ ನಮ್ಮ ಅಂಗಡಿಗೆ ಬಂದರು. ಮಗಳ ಮದುವೆ. ತಾಂಬೂಲದ ಚೀಲಕ್ಕೆ ಅರ್ಧ ಕೆಜಿಯ ಅಚ್ಚುಬೆಲ್ಲ ಹಾಕುತ್ತೇವೆಂದು ಹೊಳೆನರಸೀಪುರದ ಬೀಗರ ಮುಂದೆ ಹೇಳಿಬಿಟ್ಟಿದ್ದರು.

"ಕಮ್ಮಿಯಾದ್ರೆ ಮಾನ ಓಯ್ತದೆ ಕಣ್ರೀ" ಎಂದರು.

ನಮ್ಮ ಒಂದು ಕೆಜಿಯ ಅಚ್ಚು ಎಲ್ಲ ಕಡೆಯೂ ಮೂರೂವರೆ ಇಂಚು. ಶಾಂತಿಗ್ರಾಮದ ಹತ್ತಿರದ ಆಲೆಮನೆಯವನಿಗೆ ಫೋನು ಮಾಡಿ, "ಅರ್ಧದ ಅಚ್ಚು ಮಾಡಿಸಪ್ಪ" ಎಂದೆ. ಅವನು ಉದ್ದ, ಅಗಲ, ಎತ್ತರ ಮೂರನ್ನೂ ಅರ್ಧ ಮಾಡಿಸಿದ. ಒಂದೂಮುಕ್ಕಾಲು ಇಂಚು! ಅರ್ಧ ಕೆಜಿ ತಾನೇ ಎಂದು ಅಚ್ಚಿನ ಹಲಗೆಯಲ್ಲಿ ಗುಳಿಗಳನ್ನು ಮಾಮೂಲಿಯ ಎರಡರಷ್ಟು ಕೊರೆಸಿದ್ದ. ಪಾಕ ಹುಯ್ದವನೇ ಫೋನು ಮಾಡಿದ.

"ಅಣ್ಣಾ, ಗುಳಿ ಎಲ್ಲಾ ತುಂಬೋದ್ವು, ಕೊಪ್ಪರಿಗೇಲಿ ಪಾಕ ಅಂಗೇ ಅದೆ! ಯಾವನೋ ಮಾಟ ಮಾಡ್ಸವ್ನೆ!"

"ಗಟ್ಟಿಯಾಗೋಕ್ ಮುಂಚೆ ಸಿಕ್ಕಿದ್ದರಲ್ಲಿ ಹುಯ್ಯೋ!" ಎಂದು ಕಿರುಚಿದೆ.

ಹುಯ್ದ. ಆ ವಾರ ನಾನು ಲೋಟದ ಬೆಲ್ಲ, ಇಡ್ಲಿ ಬೆಲ್ಲ ಎರಡನ್ನೂ ಮಾರಿದೆ. ಕುಕ್ಕರಿಗೆ ಹುಯ್ದಿದ್ದು ಬಿಟ್ಟುಕೊಳ್ಳಲಿಲ್ಲ. ಅದನ್ನು ಕುಕ್ಕರ್ ಸಮೇತ ಮಾರಿದೆ.

೨. ಹೆಚ್ಚಾದ ಎರಡು ತುಂಡು

ಸ್ಯಾಂಪಲ್ ನೋಡಲು ಬಂದ ಯಜಮಾನರು ಆ ಪುಟ್ಟ ಅಚ್ಚನ್ನು ಅಂಗೈಯಲ್ಲಿಟ್ಟುಕೊಂಡು ಬೆವತುಹೋದರು.

"ಏನ್ರೀ ಇದು, ಬೀಗರಿಗಾ, ಇರುವೆಗಾ?"

ಎಲ್ಲಾ ಕಡೆ ಅರ್ಧ ಮಾಡಿದರೆ ಬೆಲ್ಲ ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಾಗುತ್ತದೆ ಎಂದೆ. ನಂಬಲಿಲ್ಲ. ಮೆತ್ತಗಿದ್ದ ಹೊಸ ಬೆಲ್ಲದ ಒಂದು ಕೆಜಿ ಅಚ್ಚು ತೆಗೆದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಎತ್ತರದ ನಡುವಿಗೊಮ್ಮೆ ಕುಯ್ದೆ. ಎಂಟು ತುಂಡು.

"ಅಲ್ಲಾ, ಕುಯ್ದದ್ದು ಮೂರ್ ಸಲ. ಸಲಕ್ಕೆರಡು ಅಂದ್ರೂ ಆರಾಗ್ಬೇಕು. ಇನ್ನೆರಡು ಎಲ್ಲಿಂದ ಬಂದ್ವು?"

"ನೀವೇ ಎಣಿಸ್ಕೊಳ್ಳಿ ಯಜಮಾನ್ರೇ."

ಎಣಿಸಿದರು. ಕಣ್ಣು ಅಗಲವಾಯಿತು. ಎರಡು ತುಂಡು ಎತ್ತಿ ಜೇಬಿಗೆ ಹಾಕಿಕೊಂಡು, "ಈಗ ಲೆಕ್ಕ ಸರಿಹೋಯ್ತು ಬುಡಿ" ಎಂದರು.

೩. ಕೆಟ್ಟ ತಕ್ಕಡಿ

ನಾನೇ ಲೆಕ್ಕ ಹಾಕಿ ಎರಡೂಮುಕ್ಕಾಲು ಇಂಚಿನ ಅಚ್ಚು ಮಾಡಿಸಿದೆ. ತೂಕ ಕೂದಲೆಳೆಯಷ್ಟು ಕಮ್ಮಿ ಬರುತ್ತಿತ್ತು. ಮೇಲೆ ಚೂರು ಉಬ್ಬುವಂತೆ ಹುಯ್ಯಿಸಿದೆ. ಅರ್ಧ ಕೆಜಿ ಸರಿಯಾಗಿ ಕೂತಿತು. ಯಜಮಾನರು ಕೆಂಡವಾದರು.

"ಮೂರೂವರೇಲಿ ಮುಕ್ಕಾಲಿಂಚು ಕಿತ್ರೆ ಅರ್ಧ ಬೆಲ್ಲ ಓಯ್ತದಾ? ಯಾರಿಗ್ ಹೇಳ್ತೀರಿ! ನಿಮ್ ತಕ್ಕಡಿ ಕೆಟ್ಟದೆ!"

ಬೆಲ್ಲ ಹಿಡಿದುಕೊಂಡು ಎದುರಿನ ತರಕಾರಿ ಅಂಗಡಿಗೆ ಹೋಗಿ ತೂಗಿಸಿದರು. ವಾಪಸು ಬಂದವರ ಮುಖ ಬಿಳಿಚಿಕೊಂಡಿತ್ತು.

"ಅವನ್ದೂ ಕೆಟ್ಟೋಗದೆ ಕಣ್ರೀ!"

೪. ಬೀಗರ ಡಬಲ್ಲು

ಮದುವೆ ಹಾಸನದ ಛತ್ರದಲ್ಲಿ. ನನಗೂ ಕರೆಯಿತ್ತು. ಊಟವಾದ ಮೇಲೆ ಗಂಡಿನ ತಂದೆ ಚೀಲದಿಂದ ಬೆಲ್ಲ ತೆಗೆದು ಹಿಂದೆಮುಂದೆ ತಿರುಗಿಸಿದರು. ಯಜಮಾನರು ಕಂಬ ಹಿಡಿದುಕೊಂಡರು.

"ಅರ್ಧ ಅಂದ್ಬುಟ್ಟು ಒಂದ್ ಕೆಜಿ ಅಚ್ಚೇ ಕೊಟ್ಟವ್ರಲ್ಲಾ ಬೀಗರು!"

ನೋಡಲು ಮುಕ್ಕಾಲಿಂಚು ತಾನೇ ವ್ಯತ್ಯಾಸ! ಯಜಮಾನರು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

"ಏನೋ, ನಮ್ ಕೈಲಾದದ್ದು" ಎಂದರು.

ಗಂಡಿನ ತಂದೆ ಎದ್ದುನಿಂತು ನನ್ನ ಕಡೆ ತಿರುಗಿ ಇಡೀ ಛತ್ರಕ್ಕೆ ಕೇಳುವಂತೆ ಕೂಗಿದರು: "ಬೀಗರೂಟಕ್ಕೆ ನಮ್ದು ಡಬಲ್! ಸಾವ್ಕಾರ್ರೇ, ಇದರ ಉದ್ದ, ಅಗಲ, ಎತ್ತರ ಎಲ್ಲಾ ಡಬಲ್ ಮಾಡಿ ಕೊಡಿ!"

ಪಕ್ಕಕ್ಕೆ ಕರೆದು ಹೇಳಿದೆ: "ಸ್ವಾಮಿ, ಐದೂವರೆ ಇಂಚಾಯ್ತದೆ. ಒಂದೊಂದೂ ನಾಲ್ಕು ಕೆಜಿ ತೂಗ್ತದೆ."

"ನಾಲ್ಕಾ!"

ಹೆಗಲ ಮೇಲಿದ್ದ ಶಲ್ಯ ಜಾರಿ ಬಿತ್ತು. ಆಡಿದ ಮಾತು ಹಿಂದಕ್ಕೆ ತಗೊಳ್ಳುವಂತಿಲ್ಲ, ಛತ್ರವೆಲ್ಲ ಚಪ್ಪಾಳೆ ತಟ್ಟುತ್ತಿದೆ. ಶಲ್ಯ ಎತ್ತಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು,

"ಬೆಲ್ಲ ನಾಲ್ಕು ಕೆಜೀದೇ ಇರ್ಲಿ ಬುಡಿ. ಬೀಗರ್ನೇ ಅರ್ಧ ಕರೀತೀನಿ" ಎಂದರು.